ವಾಹನ ಪ್ರಶ್ನೋತ್ತರ: ಹೈಬ್ರಿಡ್ ಕಾರಿನ ಮೈಲೇಜು

ಪ್ರಶ್ನೆ: ಮಣಿಪಾಲದಲ್ಲಿ ವಾಸವಾಗಿರುವ ನಾನು ಕೆಲಸಕ್ಕಾಗಿ ದಿನವೂ ಮಂಗಳೂರಿಗೆ ಕಾರಿನಲ್ಲಿ ಹೋಗಿಬರುತ್ತೇನೆ. ಸ್ಟ್ರಾಂಗ್ ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ನಿನ ಜೊತೆಗೆ ಬರೀ ವಿದ್ಯುತ್ ಮೋಟಾರಿನಿಂದಲೂ ಓಡಬಲ್ಲದ್ದು) ಕೊಳ್ಳುವಾಗ ಲೀಟರಿಗೆ ಸುಮಾರು 28 ಕಿ.ಮೀ. ಎಂದಿದ್ದರು, ನನಗೆ ಸಿಗುತ್ತಿರುವುದು 20ರ ಆಸುಪಾಸು. ಕಾರು ಬರೀ ಬ್ಯಾಟರಿಯಲ್ಲಿ ಓಡುವಾಗ ಬೆಳಗುವ ಇ.ವಿ. ದೀಪ ಆರದಿರಲೆಂದು ಆಕ್ಸಿಲರೇಟರನ್ನು ಆದಷ್ಟು ಮೆಲ್ಲಗೆ ಒತ್ತುತ್ತೇನೆ, ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕುತ್ತೇನೆ. ಇನ್ನೇನು ಮಾಡಬೇಕು?
— ಓದುಗರು, ಮಣಿಪಾಲ

ಉತ್ತರ: ಮೊದಲು ಈ ಎರಡನ್ನೂ ಬಿಟ್ಟುಬಿಡಿ. ಪೆಟ್ರೋಲ್ ಉಳಿಸಲೆಂದು ನೀವು ಮಾಡುತ್ತಿರುವ ಈ ಕೆಲಸಗಳೇ ಅದನ್ನು ಖರ್ಚು ಮಾಡಿಸುತ್ತಿವೆ.

ಪ್ಲಗ್ಗಿಗೆ ಸಿಕ್ಕಿಸಿ ಚಾರ್ಜ್ ಮಾಡಲಾಗದ ಹೈಬ್ರಿಡ್ ಕಾರಿನ ಬ್ಯಾಟರಿಗೆ ಸ್ವಂತ ಸಂಪಾದನೆ ಎಂಬುದಿಲ್ಲ. ಅದರಲ್ಲಿರುವ ವಿದ್ಯುತ್ತು ಒಂದೋ ಎಂಜಿನ್ ಉರಿಸಿದ ಪೆಟ್ರೋಲಿನಿಂದ ಬಂದದ್ದು, ಇಲ್ಲವೇ ಕಾರು ನಿಧಾನವಾಗುವಾಗ ಚಕ್ರಗಳಿಂದ ಮರಳಿ ಪಡೆದದ್ದು. ಮಾರುತಿಯ ಗ್ರ್ಯಾಂಡ್ ವಿಟಾರಾ ಮತ್ತು ಟೊಯೊಟಾದ ಹೈರೈಡರ್‌ಗಳ ಸ್ಟ್ರಾಂಗ್ ಹೈಬ್ರಿಡ್ ಮಾದರಿಗಳಲ್ಲಿರುವ ಬ್ಯಾಟರಿಯ ಸಾಮರ್ಥ್ಯ 0.76 ಕಿಲೋವ್ಯಾಟ್ ಅವರ್, ಅಂದರೆ ಮೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಮುಕ್ಕಾಲು ಯೂನಿಟ್. ಒಂದು ಲೀಟರ್ ಪೆಟ್ರೋಲಿನಲ್ಲಿ ಹೆಚ್ಚುಕಡಿಮೆ ಒಂಬತ್ತು ಯೂನಿಟ್‌ನಷ್ಟು ಶಕ್ತಿಯಿರುತ್ತದೆ. ಈ ಪುಟ್ಟ ಬ್ಯಾಟರಿಯನ್ನು ಪದೇ ಪದೇ ಬರಿದು ಮಾಡಿದರೆ ಅದನ್ನು ತುಂಬಲು ಎಂಜಿನ್ನೇ ದುಡಿಯಬೇಕಾಗುತ್ತದೆ. ಪೆಟ್ರೋಲು ವಿದ್ಯುತ್ತಾಗಿ, ಬ್ಯಾಟರಿಯೊಳಗೆ ಕುಳಿತು, ಮತ್ತೆ ಹೊರಬಂದು ಮೋಟಾರನ್ನು ತಿರುಗಿಸುವಷ್ಟರಲ್ಲಿ ಪ್ರತಿ ಹಂತದಲ್ಲೂ ಒಂದಿಷ್ಟು ಸೋರಿಹೋಗಿರುತ್ತದೆ.

ಆದ್ದರಿಂದ ಹೊರಡುವಾಗ ತೀರ ಅಂಜಬೇಕಾಗಿಲ್ಲ. ಸಾಧಾರಣ ಒತ್ತಡದಲ್ಲಿ ಆಕ್ಸಿಲರೇಟರ್ ಒತ್ತಿ, ಎಂಜಿನ್ ಚಾಲೂ ಆದರೂ ಬೇಸರಪಡದೆ, ಬೇಕಾದ ವೇಗವನ್ನು ಮುಟ್ಟಿರಿ. ಆ ಹೊರೆಯಲ್ಲಿ ಎಂಜಿನ್ ಚೆನ್ನಾಗಿ ದುಡಿಯುತ್ತದೆ. ವೇಗ ಮುಟ್ಟಿದ ಮೇಲೆ ಪಾದವನ್ನು ಒಮ್ಮೆ ಪೂರ್ತಿ ಎತ್ತಿ ಮತ್ತೆ ಹಗುರವಾಗಿ ಇಟ್ಟರೆ, ಸಮತಟ್ಟಾದ ರಸ್ತೆಯಲ್ಲಿ ಎಂಜಿನ್ ನಿಂತು ಮೋಟಾರು ಕಾರನ್ನು ನಡೆಸಿಕೊಂಡು ಹೋಗುತ್ತದೆ. ಇ.ವಿ. ದೀಪ ಬೆಳಗಬೇಕಾದ ಹೊತ್ತು ಅದು.

ನಿಜವಾದ ಉಳಿತಾಯವಿರುವುದು ಬ್ರೇಕಿನಲ್ಲಿ. ಪೆಡಲನ್ನು ಹಗುರವಾಗಿ ಒತ್ತಿದಾಗ ಮೋಟಾರೇ ಜನರೇಟರ್ ಆಗಿ ಕಾರನ್ನು ತಡೆಯುತ್ತದೆ, ಡ್ಯಾಶ್‌ಬೋರ್ಡಿನ ಮುಳ್ಳು ‘ಚಾರ್ಜ್’ ಪಟ್ಟಿಗೆ ಇಳಿಯುತ್ತದೆ. ಗಕ್ಕನೆ ಒತ್ತಿದರೆ ಬ್ರೇಕ್ ಪ್ಯಾಡುಗಳು ಹಿಡಿದು, ಬ್ಯಾಟರಿಗೆ ಹೋಗಬೇಕಾದ ಶಕ್ತಿಯ ಬಹುಪಾಲು ಬಿಸಿಯಾಗಿ ವ್ಯರ್ಥವಾಗುತ್ತದೆ. ನಿಮ್ಮ ದಾರಿಯಲ್ಲಿ ಇದಕ್ಕೆ ಒಳ್ಳೆಯ ಜಾಗ ಮಣಿಪಾಲದಿಂದ ಇಂದ್ರಾಳಿಯ ಕಡೆಗೆ ಇಳಿಯುವ ರಸ್ತೆ: ಗೇರ್ ‘ಡಿ’ಯಲ್ಲೇ ಇರಲಿ, ಬ್ರೇಕ್ ಪೆಡಲಿನ ಮೇಲೆ ಪಾದದ ಭಾರವಷ್ಟೇ ಇರಲಿ. ಇಲ್ಲಿ ನ್ಯೂಟ್ರಲ್‌ಗೆ ಹಾಕಿದರೆ ಪುಕ್ಕಟೆ ಸಿಗುವ ವಿದ್ಯುತ್ತನ್ನು ಕೈಯಾರೆ ಬಿಟ್ಟಂತೆ. ಸುರಕ್ಷತೆಯ ದೃಷ್ಟಿಯಿಂದಲೂ ಅದು ತಪ್ಪು. ಸಿಗ್ನಲ್ಲಿನಲ್ಲಿಯೂ ನ್ಯೂಟ್ರಲ್ ಬೇಡ, ಬಹಳಷ್ಟು ಹೈಬ್ರಿಡ್‌ಗಳಲ್ಲಿ ಆ ಸ್ಥಿತಿಯಲ್ಲಿ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ. ಹೆಜಮಾಡಿ ಟೋಲ್ ಗೇಟು ದೂರದಲ್ಲಿ ಕಂಡೊಡನೆ ಪಾದ ಎತ್ತುವುದನ್ನು ರೂಢಿಸಿಕೊಳ್ಳಿ. ಸರ್ವಿಸ್ ಬಸ್ಸಿನ ಬೆನ್ನಿಗೆ ಅಂಟಿಕೊಂಡು ಹೋಗುವವರಿಗೆ ಈ ಸೌಲಭ್ಯವಿಲ್ಲ, ಏಕೆಂದರೆ ಬಸ್ಸು ಎಲ್ಲಿ ನಿಲ್ಲುವುದೆಂದು ನಮ್ಮ ಕರಾವಳಿಯಲ್ಲಿ ಕಂಡಕ್ಟರಿಗಷ್ಟೇ ಗೊತ್ತು.

ಹೆದ್ದಾರಿ 66ರಲ್ಲಿ ನೀವು ಯಾವ ವೇಗದಲ್ಲಿ ಹೋಗುತ್ತೀರೆಂದು ಬರೆದಿಲ್ಲ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಂಟೆಗೆ 80 ಕಿ.ಮೀ.ಗಿಂತ 100 ಕಿ.ಮೀ.ನಲ್ಲಿ ಅದು ಒಂದೂವರೆ ಪಟ್ಟಿಗೂ ಹೆಚ್ಚು. ಬ್ರೇಕು ವಿರಳವಾಗಿರುವ ಹೆದ್ದಾರಿಯಲ್ಲಿ ಹೈಬ್ರಿಡ್ ವ್ಯವಸ್ಥೆಯ ಲಾಭವೂ ಕಡಿಮೆ. ಪಡುಬಿದ್ರಿ, ಮೂಲ್ಕಿಗಳ ನಡುವೆ 80ರಲ್ಲೇ ಸಾಗಿದರೆ ಒಂದು ಟ್ಯಾಂಕಿನಲ್ಲಿಯೇ ವ್ಯತ್ಯಾಸ ಕಾಣುತ್ತದೆ.

ಇಷ್ಟಾದರೂ 28 ಬರುವುದೆಂದು ನಾನು ಹೇಳಲಾರೆ. ಆ ಎರಡು ಕಾರುಗಳಿಗೆ ಘೋಷಿತವಾದ 27.97 ಎಂಬ ಅಂಕಿ ಬಂದದ್ದು ರಸ್ತೆಯಿಂದಲ್ಲ, ಪ್ರಯೋಗಾಲಯದ ರೋಲರುಗಳ ಮೇಲೆ ನಡೆಸಿದ ಪರೀಕ್ಷೆಯಿಂದ. ಆ ಪರೀಕ್ಷೆಯ ಗರಿಷ್ಠ ವೇಗ ಗಂಟೆಗೆ 90 ಕಿ.ಮೀ. ಅಷ್ಟೇ. ಅಲ್ಲದೆ ಎಥನಾಲಿನಲ್ಲಿ ಪೆಟ್ರೋಲಿಗಿಂತ ಮೂರನೇ ಒಂದರಷ್ಟು ಕಡಿಮೆ ಶಕ್ತಿಯಿರುವುದರಿಂದ, ಇಂದಿನ ಶೇ. 20 ಎಥನಾಲ್ ಬೆರೆತ ಇಂಧನದಲ್ಲಿ ಲೀಟರಿನ ಶಕ್ತಿಯೇ ಶೇ. 6ರಿಂದ 7ರಷ್ಟು ಕುಗ್ಗಿರುತ್ತದೆ.

ಪ್ರಶ್ನೆ: ಆಗುಂಬೆ ಘಾಟಿ ಇಳಿಯುವಾಗ ಅರ್ಧ ದಾರಿಯಲ್ಲೇ ಬ್ಯಾಟರಿ ತುಂಬಿ, ಎಂಜಿನ್ ಒಮ್ಮೆಲೇ ಜೋರಾಗಿ ಸದ್ದು ಮಾಡುತ್ತದೆ. ಪೆಟ್ರೋಲು ವ್ಯರ್ಥವಾಗುತ್ತಿದೆಯೇ? ‘ಬಿ’ ಗೇರಿನಿಂದ ಮೈಲೇಜು ಹೆಚ್ಚುವುದೇ?
— ಓದುಗರು, ಹೆಬ್ರಿ

ಉತ್ತರ: ಸದ್ದಿಗೂ ಪೆಟ್ರೋಲಿಗೂ ಇಲ್ಲಿ ಸಂಬಂಧವಿಲ್ಲ. ಸುಮಾರು 1300 ಕಿಲೋ ತೂಗುವ ಕಾರು 100 ಮೀಟರ್ ಎತ್ತರ ಇಳಿದರೆ ಲೆಕ್ಕಕ್ಕೆ ಮೂರನೇ ಒಂದು ಯೂನಿಟ್ಟಿಗೂ ತುಸು ಹೆಚ್ಚು ಶಕ್ತಿ ಬಿಡುಗಡೆಯಾಗುತ್ತದೆ. ಟೈರು, ಗಾಳಿಗಳ ಪಾಲು ಕಳೆದರೂ, ಬಾಳಿಕೆಗಾಗಿ ಪೂರ್ತಿ ತುಂಬಲು ಬಿಡದ ಮುಕ್ಕಾಲು ಯೂನಿಟ್ಟಿನ ಬ್ಯಾಟರಿ 14 ತಿರುವುಗಳು ಮುಗಿಯುವವರೆಗೆ ಎಲ್ಲಿ ತಾಳೀತು? ಅದು ತುಂಬಿದೊಡನೆ ಉಳಿದ ಶಕ್ತಿಯನ್ನು ಕಳೆಯಲು ಕಾರು ಎಂಜಿನ್ನನ್ನು ಇಂಧನವಿಲ್ಲದೆ ತಿರುಗಿಸುತ್ತದೆ. ‘ಬಿ’ ಇರುವುದು ಈ ಎಂಜಿನ್ ತಡೆಯನ್ನು ಹೆಚ್ಚಿಸಿ, ಬ್ರೇಕು ಕಾಯದಂತೆ ನೋಡಿಕೊಳ್ಳಲು. ಘಾಟಿಯಲ್ಲಿ ಅದನ್ನು ಧಾರಾಳವಾಗಿ ಬಳಸಿ, ಸೋಮೇಶ್ವರ ಮುಟ್ಟಿದ ಮೇಲೆ ‘ಡಿ’ಗೆ ಮರಳಿ. ಊರೊಳಗೆ ‘ಬಿ’ಯಲ್ಲಿ ಓಡಿಸಿದರೆ ಲಾಭವಿಲ್ಲ.

ಪ್ರಶ್ನೆ: ಮಳೆಗಾಲದಲ್ಲಿ ಎ.ಸಿ. ನಿಲ್ಲಿಸಿದರೆ ಉಳಿತಾಯವಾಗುವುದೇ?
— ಓದುಗರು, ಸುರತ್ಕಲ್

ಉತ್ತರ: ಸ್ವಲ್ಪ ಆಗುತ್ತದೆ, ಆದರೆ ನಮ್ಮ ಮಳೆಯಲ್ಲಿ ಗಾಜು ಮಂಜಾಗುವುದನ್ನು ತಡೆಯಲು ಎ.ಸಿ. ಬೇಕೇ ಬೇಕು. ಸ್ಟ್ರಾಂಗ್ ಹೈಬ್ರಿಡ್‌ನ ಕಂಪ್ರೆಸರ್ ವಿದ್ಯುತ್ತಿನಿಂದ ನಡೆಯುವುದರಿಂದ ನಂತೂರಿನಲ್ಲಿ ವಾಹನಗಳ ಸಾಲಿನಲ್ಲಿ ನಿಂತಾಗಲೂ ಅದು ಬ್ಯಾಟರಿಯನ್ನು ಕುಡಿಯುತ್ತದೆ. ಉಷ್ಣತೆಯನ್ನು 25 ಅಥವಾ 26ಕ್ಕೆ ಇಟ್ಟರೆ ಸಾಕು. ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆದುಕೊಳ್ಳುವ ಜಾಲರಿ ಕೆಲವು ಮಾದರಿಗಳಲ್ಲಿರುತ್ತದೆ, ಒದ್ದೆ ಕೊಡೆ, ಚೀಲಗಳನ್ನು ಅದರ ಮೇಲೆ ಒರಗಿಸಬೇಡಿ.