ಕಷ್ಟದಲ್ಲಿರುವ ಮಕ್ಕಳ ಸೇವೆಯಲ್ಲಿ ಕ್ರೈಸ್ತ ವಿಶ್ವಾಸವನ್ನು ಬಾಳುವುದು ಹೇಗೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ಸಂಗತಿಗಳಿವೆ: ಅನಾಥ ಮಕ್ಕಳಿಗಾಗಿ ಏನಾದರೂ ಮಾಡಬೇಕೆಂಬ ಭಾರ ಮನಸ್ಸಿನಲ್ಲಿದೆ, ಒಂದು ಅನಾಥಾಲಯ ತೆರೆಯುವ ಯೋಚನೆ ಇದೆ, ಮಕ್ಕಳಿಗೆ ಸುವಾರ್ತೆಯನ್ನು ಹೇಗೆ ಹೇಳಬೇಕೆಂದು ತಿಳಿಯುತ್ತಿಲ್ಲ. ನಾನು ಸಭಾಪಾಲಕನಲ್ಲ. ಹನ್ನೊಂದು ವರ್ಷಗಳಿಂದ ಶನಿವಾರಗಳಂದು ಮಕ್ಕಳ ಮನೆಯೊಂದಕ್ಕೆ ಹೋಗಿ ಲೆಕ್ಕ ಹೇಳಿಕೊಡುವವನು, ಅಷ್ಟೇ. ಆ ಮಿತಿಯಲ್ಲಿ ಉತ್ತರಿಸುತ್ತೇನೆ.

ಮೊದಲು ನನಗಿರುವ ಅಡ್ಡಹೆಸರನ್ನು ಹೇಳಿಬಿಡುತ್ತೇನೆ. ಆ ಮನೆಯ ಮಕ್ಕಳು ನನ್ನನ್ನು ಕರೆಯುವುದು ‘ಮುಂದಿನ ವಾರದ ಅಣ್ಣ’ ಎಂದು. ನಾನು ಅಲ್ಲಿಗೆ ಮೊದಲು ಹೋದದ್ದು ಕ್ರಿಸ್‌ಮಸ್ ಸಮಯದಲ್ಲಿ, ಸಭೆಯ ಯುವಕರ ಗುಂಪಿನ ಜೊತೆ. ಹಾಡಿದೆವು, ಉಡುಗೊರೆ ಹಂಚಿದೆವು, ಸಾಲಾಗಿ ನಿಲ್ಲಿಸಿ ಫೋಟೊ ತೆಗೆದೆವು. ಹೊರಡುವಾಗ ಏಳು ವರ್ಷದ ಹುಡುಗನೊಬ್ಬ ನನ್ನ ಅಂಗಿಯ ತುದಿ ಹಿಡಿದು ‘ಮತ್ತೆ ಯಾವಾಗ ಬರುತ್ತೀರಿ?’ ಎಂದು ಕೇಳಿದ. ‘ಮುಂದಿನ ವಾರ’ ಎಂದೆ. ಬಾಯಿಗೆ ಬಂದ ಮಾತು. ಹೋದದ್ದು ಐದು ತಿಂಗಳ ನಂತರ. ಅವನು ಬಾಗಿಲ ಬಳಿಯೇ ನಿಂತಿದ್ದ, ಹತ್ತಿರ ಬರಲಿಲ್ಲ. ಇನ್ನೊಬ್ಬ ಹುಡುಗ ಒಳಗೆ ತಿರುಗಿ ‘ಮುಂದಿನ ವಾರದ ಅಣ್ಣ ಬಂದಿದ್ದಾರೆ’ ಎಂದು ಕೂಗಿದ. ಅದರಲ್ಲಿ ವ್ಯಂಗ್ಯವಿರಲಿಲ್ಲ. ಅಂಚೆಯವರು ಬಂದರು ಎನ್ನುವ ಹಾಗೆ, ಗುರುತಿಗಾಗಿ ಹೇಳಿದ ಮಾತು. ಅಂದರೆ ಈ ಐದು ತಿಂಗಳಲ್ಲಿ ನನ್ನ ಬಗ್ಗೆ ಅವರು ಮಾತನಾಡಿಕೊಂಡಿದ್ದರು.

ಆ ರಾತ್ರಿ ಯಾಕೋಬನ ಪತ್ರಿಕೆಯ 1:27 ಅನ್ನು ಮತ್ತೆ ಓದಿದೆ. ಸಂಕಟದಲ್ಲಿರುವ ದಿಕ್ಕಿಲ್ಲದವರನ್ನೂ ವಿಧವೆಯರನ್ನೂ ಪರಾಮರಿಸುವುದೇ ಶುದ್ಧವಾದ ಭಕ್ತಿ ಎನ್ನುವ ವಚನ. ಅಲ್ಲಿರುವ ಗ್ರೀಕ್ ಪದಕ್ಕೆ ‘ಹೋಗಿ ನೋಡು, ವಿಚಾರಿಸಿಕೋ’ ಎಂಬ ಅರ್ಥವಿದೆ. ಮತ್ತಾಯ 25ರಲ್ಲಿ ‘ನಾನು ರೋಗಿಯಾಗಿದ್ದಾಗ ನನ್ನನ್ನು ನೋಡಿಕೊಂಡಿರಿ’ ಎಂದು ಯೇಸು ಹೇಳುವಾಗಲೂ ಅದೇ ಪದ. ಹಣ ಕಳುಹಿಸುವುದು ಬೇಡವೆಂದಲ್ಲ, ಹಣವಿಲ್ಲದೆ ಯಾವ ಮನೆಯೂ ನಡೆಯುವುದಿಲ್ಲ. ಆದರೆ ಆ ಪದಕ್ಕೆ ಕಾಲುಗಳಿವೆ. ಅದು ನಡೆದು ಹೋಗುತ್ತದೆ, ಎದುರಿಗೆ ಕುಳಿತುಕೊಳ್ಳುತ್ತದೆ.

ಹಾಗಾಗಿ ನನ್ನ ಮೊದಲ ಸಲಹೆ ತೀರಾ ಸಪ್ಪೆಯಾದದ್ದು: ವಾರಕ್ಕೆ ಒಂದು ದಿನ, ಒಂದು ಗಂಟೆ, ಕನಿಷ್ಠ ಎರಡು ವರ್ಷ. ಬರಲಾಗದಿದ್ದರೆ ಮೊದಲೇ ಮಗುವಿಗೆ ತಿಳಿಸಿ, ಮೇಲ್ವಿಚಾರಕರಿಗೆ ಮಾತ್ರವಲ್ಲ. ಬಿಟ್ಟುಹೋದವರನ್ನು ಕಂಡು ಬೆಳೆದ ಮಗುವಿಗೆ ಒಂದು ದಿನದ ಅಕ್ಕರೆಯ ಮಹಾಪೂರದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಅಂಗಿ ಹಿಡಿದ ಆ ಹುಡುಗನಿಗೆ ಭಾಗಾಕಾರ ಬರುತ್ತಿರಲಿಲ್ಲ. ತಪ್ಪಾದರೆ ರಬ್ಬರಿನಿಂದ ಉಜ್ಜುತ್ತಿದ್ದ. ಎಷ್ಟು ಉಜ್ಜುತ್ತಿದ್ದನೆಂದರೆ ಹಾಳೆ ತೆಳುವಾಗಿ, ನೂಲೆದ್ದು, ಕೊನೆಗೆ ತೂತು ಬೀಳುತ್ತಿತ್ತು. ತೂತು ಬಿದ್ದ ಕೂಡಲೇ ಪುಸ್ತಕವನ್ನು ಮುಚ್ಚಿ ಅದರ ಮೇಲೆ ಕೈಯಿಟ್ಟು ಕುಳಿತುಬಿಡುತ್ತಿದ್ದ. ತಪ್ಪು ಯಾರ ಕಣ್ಣಿಗೂ ಬೀಳಬಾರದು, ಬಿದ್ದರೆ ಇಲ್ಲಿಂದಲೂ ಕಳುಹಿಸಿಬಿಡುತ್ತಾರೆ ಎಂಬ ಹೆದರಿಕೆ ಅದು ಎಂದು ನನಗೆ ತಿಳಿಯಲು ಒಂದು ವರ್ಷ ಬೇಕಾಯಿತು. ಒಂದು ಶನಿವಾರ ನಾನೇ ಒಂದು ಲೆಕ್ಕವನ್ನು ನಿಜವಾಗಿಯೂ ತಪ್ಪು ಮಾಡಿದೆ. ಅವನು ನನ್ನ ಮುಖವನ್ನೂ ಹಾಳೆಯನ್ನೂ ನೋಡಿ, ರಬ್ಬರನ್ನು ನನ್ನ ಕಡೆ ತಳ್ಳಿದ. ನಾನು ಅಳಿಸದೆ, ಒಂದು ಗೆರೆ ಎಳೆದು ಕೆಳಗೆ ಮತ್ತೆ ಬರೆದೆ. ಮುಂದಿನ ವಾರ ಅವನ ಪುಸ್ತಕದಲ್ಲಿ ಅಂಥದೇ ಎರಡು ಗೆರೆಗಳಿದ್ದವು. ನನ್ನ ಸಾಕ್ಷಿ ಹೇಳು ಎಂದರೆ ನನಗೆ ನೆನಪಾಗುವುದು ಆ ಎರಡು ಗೆರೆಗಳೇ.

ಇನ್ನು ಅನಾಥಾಲಯದ ವಿಷಯ. ನಿಮಗೆ ಬೇಸರವಾಗಬಹುದು, ಆದರೂ ಹೇಳುತ್ತೇನೆ: ತೆರೆಯಬೇಡಿ, ಕನಿಷ್ಠ ಈಗ ಬೇಡ. ಇಂಥ ಮನೆಗಳಲ್ಲಿರುವ ಮಕ್ಕಳಲ್ಲಿ ಹೆಚ್ಚಿನವರಿಗೆ ತಂದೆಯೋ ತಾಯಿಯೋ ಇದ್ದಾರೆ ಎಂಬುದು ಅನೇಕ ದೇಶಗಳಲ್ಲಿ ಕಂಡುಬಂದಿದೆ. ಅವರನ್ನು ಅಲ್ಲಿಗೆ ತಂದದ್ದು ಬಡತನ, ಕಾಯಿಲೆ, ಒಡೆದ ಸಂಸಾರ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳನ್ನು ಪೋಷಕ ಕುಟುಂಬಗಳಿಗೆ ಒಪ್ಪಿಸಲಾಯಿತು. ಕುಟುಂಬ ಸಿಕ್ಕ ಮಕ್ಕಳು ಬುದ್ಧಿಯಲ್ಲೂ ಬಾಂಧವ್ಯದಲ್ಲೂ ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮೊದಲೇ ಹೋದವರಿಗೆ ಹೆಚ್ಚು ಪ್ರಯೋಜನವಾಯಿತು. ಸಾಧ್ಯವಿದ್ದಷ್ಟೂ ಮಗು ತನ್ನ ಕುಟುಂಬದಲ್ಲೇ ಬೆಳೆಯಲಿ, ಸಂಸ್ಥೆ ಕೊನೆಯ ದಾರಿಯಾಗಿರಲಿ ಎನ್ನುವುದೇ 2009ರಲ್ಲಿ ವಿಶ್ವಸಂಸ್ಥೆ ಒಪ್ಪಿಕೊಂಡ ಮಾರ್ಗಸೂಚಿಯ ತಿರುಳು. ನಿಮ್ಮ ಸಭೆ ಕಟ್ಟಡಕ್ಕೆ ಕೂಡಿಡುವ ಹಣದಲ್ಲಿ ಒಬ್ಬ ವಿಧವೆ ತಾಯಿಯ ಬಾಡಿಗೆ, ಮಕ್ಕಳ ಶಾಲೆಯ ಖರ್ಚು ಹಲವು ವರ್ಷ ನಡೆಯಬಹುದು. ಅಲ್ಲಿ ಹೆಸರು ಕೆತ್ತಿಸಲು ಕಲ್ಲು ಸಿಗುವುದಿಲ್ಲ, ಅಷ್ಟೇ.

ಇಂಗ್ಲೆಂಡಿನಲ್ಲಿ ಅನಾಥಾಲಯಗಳನ್ನು ನಡೆಸಿದ ಜಾರ್ಜ್ ಮುಲ್ಲರ್ ಅವರ ಉದಾಹರಣೆಯನ್ನು ನೀವು ಕೊಡಬಹುದು. 1836ರಲ್ಲಿ ಬ್ರಿಸ್ಟಲ್‌ನ ವಿಲ್ಸನ್ ಬೀದಿಯ ಮನೆಯೊಂದರಲ್ಲಿ ಕೆಲವು ಹೆಣ್ಣುಮಕ್ಕಳೊಂದಿಗೆ ಆರಂಭಿಸಿ, 1898ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅವರು ಸುಮಾರು 10,000 ಮಕ್ಕಳನ್ನು ನೋಡಿಕೊಂಡಿದ್ದರು. ಯಾರ ಬಳಿಯೂ ಕೈಚಾಚದೆ ಪ್ರಾರ್ಥನೆಯನ್ನೇ ನಂಬಿದ್ದರು ಎನ್ನುವುದನ್ನು ಎಲ್ಲ ಪ್ರಸಂಗಗಳಲ್ಲೂ ಕೇಳುತ್ತೇವೆ. ಬಂದ ಹಣದ ಲೆಕ್ಕವನ್ನು ವರ್ಷವರ್ಷವೂ ಅಚ್ಚು ಹಾಕಿಸುತ್ತಿದ್ದರು, ಹೊರಡುವ ವಯಸ್ಸಿಗೆ ಬಂದ ಮಕ್ಕಳನ್ನು ಕಸುಬಿಗೋ ಕೆಲಸಕ್ಕೋ ಸೇರಿಸಿಯೇ ಕಳುಹಿಸುತ್ತಿದ್ದರು ಎನ್ನುವುದನ್ನು ಮಾತ್ರ ಅಷ್ಟಾಗಿ ಕೇಳುವುದಿಲ್ಲ. ಹದಿನೆಂಟು ತುಂಬಿ ಹೊರಬಂದವರ ಗತಿ ಇಂದಿಗೂ ಕಷ್ಟದ್ದೇ. ಅರ್ಜಿ ತುಂಬಿಸಲು, ಬ್ಯಾಂಕ್ ಖಾತೆ ತೆರೆಸಲು, ಜ್ವರ ಬಂದ ರಾತ್ರಿ ಮೊಬೈಲ್‌ನಲ್ಲಿ ಕರೆ ಮಾಡಲು ಅವರಿಗೆ ಒಬ್ಬರು ಬೇಕು. ಪುಟ್ಟ ಮಕ್ಕಳಿಗೆ ಉಡುಗೊರೆ ಕೊಡುವವರು ಸಾಲುಗಟ್ಟುತ್ತಾರೆ, ಇವರ ಬಳಿ ಯಾರೂ ಇರುವುದಿಲ್ಲ. ನಿಮ್ಮ ಭಾರವನ್ನು ಇಳಿಸಲು ಜಾಗ ಹುಡುಕುತ್ತಿದ್ದರೆ ಇಲ್ಲಿ ನೋಡಿ.

ಸುವಾರ್ತೆ ಹೇಳುವ ಪ್ರಶ್ನೆಗೆ ಮಾರ್ಕ 10:13–16 ಓದಿ. ಯೇಸು ಅಲ್ಲಿ ಮಾತನಾಡುವುದೆಲ್ಲ ಶಿಷ್ಯರ ಜೊತೆ, ಅದೂ ಸಿಟ್ಟಿನಿಂದ. ಮಕ್ಕಳಿಗೆ ಉಪದೇಶ ಮಾಡಿದ ಮಾತೇ ಅಲ್ಲಿಲ್ಲ. ಅಪ್ಪಿಕೊಂಡ, ಅವರ ಮೇಲೆ ಕೈಯಿಟ್ಟ, ಆಶೀರ್ವದಿಸಿದ. ಊಟಕ್ಕೂ ಹಾಸಿಗೆಗೂ ನಮ್ಮನ್ನೇ ನಂಬಿರುವ ಮಗುವಿಗೆ ‘ಬೇಡ’ ಎನ್ನುವ ಸ್ವಾತಂತ್ರ್ಯ ಎಲ್ಲಿದೆ? ಆದ್ದರಿಂದ ಪ್ರಾರ್ಥನೆಗೆ ಬಂದರೆ ಮಾತ್ರ ಮಿಠಾಯಿ ಎನ್ನುವಂಥ ಲೆಕ್ಕಾಚಾರ ನನಗೆ ಅಸಹ್ಯ. ಮಗುವೇ ಕೇಳಿದರೆ ಪ್ರಾಮಾಣಿಕವಾಗಿ ಉತ್ತರಿಸುತ್ತೇನೆ. ಒಮ್ಮೆ ಹುಡುಗಿಯೊಬ್ಬಳು ಕೇಳಿದಳು. ಯಾರೋ ಅತಿಥಿ ಅವಳಿಗೆ ‘ದೇವರಿಗೆ ನಿನ್ನ ಅಮ್ಮ ಬಹಳ ಇಷ್ಟವಾದಳು, ಅದಕ್ಕೇ ಕರೆದುಕೊಂಡ’ ಎಂದಿದ್ದರಂತೆ. ‘ಹಾಗಾದರೆ ದೇವರಿಗೆ ನಾನು ಇಷ್ಟವಿರಲಿಲ್ಲವಾ?’ ಎಂದಳು. ನನಗೆ ಉತ್ತರ ಗೊತ್ತಿಲ್ಲ ಎಂದೆ. ಯೇಸು ಕೂಡ ಗೆಳೆಯನ ಸಮಾಧಿಯ ಬಳಿ ಅತ್ತಿದ್ದ ಎಂದೆ. ‘ಜೋರಾಗಿ ಅತ್ತನಾ?’ ಎಂದು ಕೇಳಿದಳು. ಅದೂ ಗೊತ್ತಿರಲಿಲ್ಲ.

ಇನ್ನೊಂದು ಮಾತು, ಇದರಲ್ಲಿ ರಾಜಿಯಿಲ್ಲ. ನೀವು ಎಷ್ಟೇ ಒಳ್ಳೆಯವರಾಗಿರಿ, ಹಿನ್ನೆಲೆ ಪರಿಶೀಲನೆಗೆ ಒಪ್ಪಿ, ಮಗುವಿನೊಂದಿಗೆ ಮುಚ್ಚಿದ ಬಾಗಿಲ ಹಿಂದೆ ಒಬ್ಬರೇ ಇರಬೇಡಿ, ಮುಖ ಕಾಣುವ ಫೋಟೊ ಹಂಚಬೇಡಿ. ಯಾರಾದರೂ ‘ನಾವೆಲ್ಲ ವಿಶ್ವಾಸಿಗಳು, ಇದೆಲ್ಲ ಯಾಕೆ?’ ಎಂದರೆ ಅಂಥ ಕಡೆ ಸೇವೆಗೆ ಸೇರಬೇಡಿ. ಚಿಕ್ಕವರಲ್ಲಿ ಒಬ್ಬರಿಗೆ ಕೇಡಾಗುವಂತೆ ನಡೆದವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರದಲ್ಲಿ ಮುಳುಗಿಸುವುದೇ ಮೇಲು ಎಂದ ಯೇಸುವಿನ ಮಾತು ಹೊರಗಿನವರಿಗಲ್ಲ, ಶಿಷ್ಯರಿಗೇ ಹೇಳಿದ್ದು.

ಅಡ್ಡಹೆಸರು ಇನ್ನೂ ಹೋಗಿಲ್ಲ. ಈಗಿರುವ ಮಕ್ಕಳಿಗೆ ಅದರ ಹಿಂದಿನ ಕಥೆ ಗೊತ್ತಿಲ್ಲ. ಮುಂದಿನ ವಾರವೂ ಬರುವವನು ಎಂದು ತಿಳಿದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.