ಅಂಗಳದಲ್ಲಿಟ್ಟ ಫೈಬರ್ ಕಯಾಕ್ ಬಿಸಿಲಿಗೆ ಹಾಳಾಗದಂತೆ ನೋಡಿಕೊಳ್ಳುವುದು ಹೇಗೆ?

ಕುಂದಾಪುರದ ಮನೆಯಂಗಳದಲ್ಲಿ, ತೆಂಗಿನ ಮರಗಳ ಕೆಳಗೆ ಕಯಾಕ್ (ಹುಟ್ಟು ಹಾಕಿ ನಡೆಸುವ ಕಿರಿದಾದ ದೋಣಿ) ಇಟ್ಟಿದ್ದೀರಿ. ಹೊರಗೆ ಗಾಜಿನ ನಾರು, ಒಳಪದರ ಕೆವ್ಲಾರ್ ಎಂಬ ಕೃತಕ ನಾರು. ಕೆಂಪು ಬಣ್ಣ ಮಂಕಾಗಿ, ಮುಟ್ಟಿದರೆ ಕೈಗೆ ಪುಡಿ ಹತ್ತುತ್ತಿದೆ, ಯಾವ ಪಾಲಿಶ್ ಹಚ್ಚಲಿ ಎಂದು ಕೇಳಿದ್ದೀರಿ. ಪಾಲಿಶ್ ಆಮೇಲಿನ ಮಾತು. ಮೊದಲು ಅದಕ್ಕೊಂದು ಮಾಡು ಕಟ್ಟಿಸಿ. ಫೈಬರ್ ದೋಣಿಗಳ ದುರಸ್ತಿ ನನ್ನ ಕಸುಬು. ಬಂಡೆಗೆ ಬಡಿದು ಒಡೆದ ಕಯಾಕನ್ನು ಕಂಡರೆ ಅಷ್ಟೇನೂ ಬೇಸರವಾಗುವುದಿಲ್ಲ, ಅದು ನೀರಿಗಿಳಿದು ದುಡಿದಿದೆ. ಬಿಸಿಲಲ್ಲಿ ಸುಮ್ಮನೆ ಬಿದ್ದು ಸೊರಗಿದ್ದನ್ನು ಕಂಡರೆ ನಿಜಕ್ಕೂ ಸಂಕಟವಾಗುತ್ತದೆ.

ಕೈಗೆ ಹತ್ತುವ ಆ ಪುಡಿ ನಿಮ್ಮ ಕಯಾಕಿನ ಜೆಲ್‌ಕೋಟ್. ಬಣ್ಣ ಬೆರೆಸಿದ ರೆಸಿನ್ನಿನ (ಒಣಗಿ ಗಟ್ಟಿಯಾಗುವ ಅಂಟಿನ) ಈ ಹೊರಪದರದ ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಹಗುರ ಕಯಾಕುಗಳಲ್ಲಿ ಇನ್ನೂ ತೆಳು. ನೇರಳಾತೀತ ಕಿರಣಗಳು ರೆಸಿನ್ನನ್ನು ಒಡೆದಂತೆಲ್ಲ ಅದು ಹಿಡಿದಿಟ್ಟಿದ್ದ ಬಣ್ಣದ ಕಣಗಳು ಹಳೆಯ ಸುಣ್ಣದ ಗೋಡೆಯಂತೆ ಉದುರತೊಡಗುತ್ತವೆ. ಕೆಳಗಿರುವ ಗಾಜಿನ ನಾರಿಗೆ ಬಿಸಿಲಿನಿಂದ ಕೇಡಿಲ್ಲ, ಕೇಡು ಅದನ್ನು ಹಿಡಿದಿಟ್ಟಿರುವ ರೆಸಿನ್ನಿಗೆ. ಜೆಲ್‌ಕೋಟ್ ಇರುವ ತನಕ ಏಟನ್ನು ಅದೇ ತಿನ್ನುತ್ತದೆ.

ನನ್ನ ಚಿಂತೆ ಕೆವ್ಲಾರಿನದು. 1965ರಲ್ಲಿ ಡ್ಯುಪಾಂಟ್ ಕಂಪನಿಯಲ್ಲಿ ಸ್ಟೆಫನಿ ಕ್ವೋಲೆಕ್ ಕಂಡುಹಿಡಿದ ಈ ನಾರು, ಅದೇ ತೂಕದ ಉಕ್ಕಿಗಿಂತ ಐದು ಪಟ್ಟು ಬಲಶಾಲಿ. ಆದರೆ ಬಿಸಿಲಿಗೆ ಬೇಗ ಸೋಲುತ್ತದೆ. ಒಳಮೈಗೆ ಸಾಮಾನ್ಯವಾಗಿ ಜೆಲ್‌ಕೋಟ್ ಇರುವುದಿಲ್ಲ, ಪಾರದರ್ಶಕ ರೆಸಿನ್ ಮಾತ್ರ. ಕಯಾಕನ್ನು ಅಂಗಾತ ಇಟ್ಟಿದ್ದರೆ ಕೂರುವ ಜಾಗವಾದ ಕಾಕ್‌ಪಿಟ್ಟಿನ ಬಾಯಿಯಿಂದ ಬಿಸಿಲು ನೇರವಾಗಿ ಆ ಪದರದ ಮೇಲೆ ಬೀಳುತ್ತದೆ. ಇವತ್ತೇ ಟಾರ್ಚ್ ಹಿಡಿದು ಸೀಟಿನ ಅಡಿಗೆ ಬೆಳಕು ಬಿಡಿ. ಅಲ್ಲಿ ನೇಯ್ಗೆ ಹೊಂಬಣ್ಣದಲ್ಲಿದ್ದು, ಸೀಟಿನ ಮುಂದೆ ಕಂದು ಬಣ್ಣಕ್ಕೆ ತಿರುಗಿದ್ದರೆ ಬಿಸಿಲು ಎಲ್ಲಿಯವರೆಗೆ ನುಗ್ಗಿದೆ ಎಂಬುದು ಆ ಗೆರೆಯಲ್ಲೇ ಕಾಣುತ್ತದೆ. ಮೇಲಿನ ಎಳೆಗಳು ಒಳಗಿನವಕ್ಕೆ ಒಂದಿಷ್ಟು ನೆರಳು ಕೊಡುವುದರಿಂದ ಬಣ್ಣ ತಿರುಗಿದೊಡನೆ ಕಯಾಕ್ ಕೆಟ್ಟಿತೆಂದು ಗಾಬರಿ ಬೇಡ. ಆದರೆ ಹೋದ ಬಲವನ್ನು ಯಾವ ಪಾಲಿಶೂ ಮರಳಿಸದು.

ಆದ್ದರಿಂದ ಕಯಾಕನ್ನು ಮಗುಚಿ ಇಡಿ. ಕಾಕ್‌ಪಿಟ್, ಹ್ಯಾಚ್‌ಗಳ (ಸಾಮಾನಿಡುವ ಕಿಂಡಿಗಳ) ರಬ್ಬರ್ ಮುಚ್ಚಳ, ಮೇಲಿನ ಹಗ್ಗ ಎಲ್ಲವೂ ನೆರಳಿಗೆ ಸರಿಯುತ್ತವೆ. ಅಗಲವಾದ ಪಟ್ಟಿಯ ಎರಡು ಆಸರೆ ಕೊಟ್ಟು ನೆಲದಿಂದ ಎತ್ತಿಡಿ. ತೆಂಗಿನ ಮರದ ಬುಡವಂತೂ ಬೇಡವೇ ಬೇಡ. ಅದರ ನೆರಳು ಗಳಿಗೆಗೊಂದು ಕಡೆ, ಮೇಲಾಗಿ ಒಂದು ಕಾಯಿ ಬಿದ್ದರೆ ಜೆಲ್‌ಕೋಟ್ ನಕ್ಷತ್ರದ ಆಕಾರದಲ್ಲಿ ಬಿರಿಯುತ್ತದೆ. ಮನೆಯ ಉತ್ತರದ ಗೋಡೆಗೆ ತಾಗಿಸಿ ಮಡಲಿನ ಚಪ್ಪರವಾದರೂ ಹಾಕಿಸಿ. ಆದರೆ ಏಪ್ರಿಲ್ ಕೊನೆಯ ವಾರದಲ್ಲಿ ನಿಮ್ಮೂರಿನ ಸೂರ್ಯ ಮಧ್ಯಾಹ್ನ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ಆಗ ಗೋಡೆಯ ನೆರಳನ್ನು ನಂಬಿ ಕೂರುವಂತಿಲ್ಲ, ಮೇಲೆ ಹೊದಿಕೆ ಬೇಕೇ ಬೇಕು.

ಟಾರ್ಪಾಲು ಹೊದಿಸಿದರೆ ಸಾಕಲ್ಲವೇ ಎನ್ನುವವರಿದ್ದಾರೆ. ಮೈಗೆ ಅಂಟಿಸಿ ಸುತ್ತಿದ ಟಾರ್ಪಾಲು ಬಿಸಿಲನ್ನೇನೋ ತಡೆಯುತ್ತದೆ, ಆದರೆ ಮಳೆಗಾಲದಲ್ಲಿ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಕ್ರಮೇಣ ಜೆಲ್‌ಕೋಟಿನಲ್ಲಿ ಬೊಬ್ಬೆಗಳೇಳಬಹುದು. ಹಗ್ಗ ಎಳೆದು ಒಂದೆರಡು ಗೇಣು ಎತ್ತರಕ್ಕೆ ಕಟ್ಟಿ, ಅಡಿಯಲ್ಲಿ ಗಾಳಿಯಾಡಲಿ.

ಬೆಳಕಿನಷ್ಟೇ ಶಾಖವನ್ನೂ ಲೆಕ್ಕಕ್ಕೆ ಹಿಡಿಯಿರಿ. ಹ್ಯಾಚ್ ಬಿಗಿಯಾಗಿ ಮುಚ್ಚಿದ ಕಯಾಕ್ ಬಿಸಿಲಲ್ಲಿ 30 ಡಿಗ್ರಿಯಿಂದ 60 ಡಿಗ್ರಿಗೆ ಕಾದರೆ ಒಳಗಿನ ಗಾಳಿಯ ಒತ್ತಡ ಶೇಕಡಾ 10ರಷ್ಟು ಏರುತ್ತದೆ. ಒಳಗಿನ ಅಡ್ಡಗೋಡೆಗಳ ಅಂಚು ಬಿಡುವುದು ಹೀಗೆಯೇ. ದಡದಲ್ಲಿರುವಾಗ ಹ್ಯಾಚ್ ಸಡಿಲಿಸಿಡಿ. ಅಡ್ಡಗೋಡೆಯಲ್ಲಿ ಸೂಜಿಮೊನೆಯಷ್ಟು ರಂಧ್ರವಿದ್ದರೆ ಅದು ತಯಾರಕರು ಗಾಳಿಗೆಂದೇ ಬಿಟ್ಟದ್ದು, ಅದನ್ನು ಮುಚ್ಚಬೇಡಿ. ಕಾರಿನ ಮೇಲೆ ಕಟ್ಟಿ ಬಿಸಿಲಲ್ಲಿ ನಿಲ್ಲಿಸುವುದಾದರೆ ಪಟ್ಟಿಯನ್ನು ಕೊಂಚ ಸಡಿಲಿಸಿ. ಕಾದ ರೆಸಿನ್ ಮೆತ್ತಗಾಗಿ ಪಟ್ಟಿಯ ಅಚ್ಚು ಉಳಿಯುತ್ತದೆ.

ಇನ್ನು ನೀವು ಕೇಳಿದ ಪಾಲಿಶ್. ಉಪ್ಪು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ನೆರಳಿನಲ್ಲಿ ರಬ್ಬಿಂಗ್ ಕಾಂಪೌಂಡ್ (ಮೇಲ್ಮೈಯನ್ನು ನಯವಾಗಿ ಸವೆಸುವ ಪೇಸ್ಟ್) ಹಾಕಿ ಉಜ್ಜಿ. ಅಂಗೈಯಗಲದ ಜಾಗದಲ್ಲಿ ಮೊದಲು ಪ್ರಯತ್ನಿಸಿ, ಬಣ್ಣ ಎದ್ದು ಬಂದರೆ ಅಷ್ಟೇ ಸಾಕು. ಬಾರದಿದ್ದರೆ ಮಾತ್ರ 1000ದ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ನಯವಾದ ಮರಳು ಕಾಗದ), ಅದೂ ಹಗುರ ಕೈಯಲ್ಲಿ. ಪ್ರತಿ ಉಜ್ಜಿಗೂ ಆ ಅರ್ಧ ಮಿಲಿಮೀಟರಿನಲ್ಲೇ ಒಂದು ಪಾಲು ಹೋಗುತ್ತದೆ. ಕೊನೆಗೆ ದೋಣಿಗಳಿಗೆಂದೇ ಬರುವ, ನೇರಳಾತೀತ ತಡೆಯುವ ಅಂಶವಿರುವ ವ್ಯಾಕ್ಸ್ ಹಚ್ಚಿ. 303 ಎಂಬ ಹೆಸರಿನ ದ್ರವವೂ ಒಳ್ಳೆಯದೇ, ಹ್ಯಾಚಿನ ರಬ್ಬರಿಗೂ ಆಗುತ್ತದೆ. ಅದನ್ನು ತಣ್ಣನೆಯ ಮೈಗೆ ಹಚ್ಚಿ ಪೂರ್ತಿ ಒಣಗುವಂತೆ ಒರೆಸಬೇಕು, ತಿಂಗಳು ಒಂದೂವರೆ ತಿಂಗಳಿಗೊಮ್ಮೆ ಮತ್ತೆ ಹಚ್ಚಬೇಕು. ಕಾರಿನ ಡ್ಯಾಶ್‌ಬೋರ್ಡಿಗೆ ಹಾಕುವ ಸಿಲಿಕೋನ್ ಸ್ಪ್ರೇ ಮಾತ್ರ ದಯವಿಟ್ಟು ಬೇಡ. ಅದು ತಾಗಿದ ಕಡೆ ಮುಂದೆ ತೇಪೆ ಹಾಕಲು ಹೋದರೆ ರೆಸಿನ್ ಹಿಡಿಯುವುದಿಲ್ಲ.

ಕಾಂಪೌಂಡ್ ತರುವ ಮೊದಲು ಸೀಟಿನ ಮುಂದಿನ ಕಂದು ಭಾಗವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಮೇಲಿನದನ್ನೆಲ್ಲ ಮಾಡಿ. ನಾರು ಎದ್ದು ಕೈಗೆ ಚುಚ್ಚುವಂತಿದ್ದರೆ ಅಥವಾ ಒತ್ತಿದಲ್ಲಿ ಕುಸಿದರೆ, ಒಳಗಿನಿಂದ ಒಂದು ಪದರ ಗಾಜಿನ ಬಟ್ಟೆ ಹಾಕಿಸುವ ತನಕ ಸಮುದ್ರಕ್ಕೆ ಇಳಿಸಬೇಡಿ.