ಪಟ್ಟಿ ಬಿಡಿ, ಸೊಸ್ಯೂರ್ ಕಥೆ ಹೇಳಿ

ಪ್ರಿಯ ಲೇಖಕರಿಗೆ ನಮಸ್ಕಾರ.

ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮುಂತಾದವು ಹುಟ್ಟಿಬಂದ ಇಂಡೋ-ಯುರೋಪಿಯನ್ ಮೂಲಭಾಷೆಯ ದನಿಗಳನ್ನು ವಿದ್ವಾಂಸರು ಹೇಗೆ ಕಂಡುಕೊಂಡರು ಅನ್ನೋ ನಿಮ್ಮ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ಸುಮ್ನೆ ವಾಪಸ್ ಕಳಿಸಲೂ ಮನಸ್ಸಾಗಲಿಲ್ಲ. ನೀವು ಬರೆಯಬೇಕಾದ ಲೇಖನ ಕೊನೆಯ ಪುಟದಲ್ಲಿ ಎರಡು ಸಾಲಾಗಿ ಕೂತಿದೆ.

ಮೊದಲು ಆ ಪದಗಳ ಪಟ್ಟಿ. ಮೂರು ಪುಟ! 'ಕೇಳಲು ಒಂದೇ ಥರ ಇವೆ, ಆದ್ದರಿಂದ ನೆಂಟರು' ಅನ್ನುವುದೇ ಅಲ್ಲಿ ನಿಮ್ಮ ವಾದ. ಸಂಸ್ಕೃತದ 'ದೇವ', ಲ್ಯಾಟಿನ್ನಿನ 'ದೇಉಸ್', ಗ್ರೀಕಿನ 'ಥಿಯೋಸ್' ಮೂರನ್ನೂ ಒಂದೇ ಸಾಲಿಗೆ ಹಾಕಿದ್ದೀರಿ. ಮೊದಲೆರಡು ನಿಜಕ್ಕೂ ನೆಂಟರು, ಮೂರನೆಯದು ಅಲ್ಲ. ಸಂಸ್ಕೃತದ 'ದ'ಕಾರಕ್ಕೆ ಗ್ರೀಕಿನಲ್ಲೂ 'ದ'ಕಾರವೇ ಬರಬೇಕು. 'ದಶ'ಕ್ಕೆ ಅಲ್ಲಿ 'ದೆಕ' ಇದೆಯಲ್ಲ, ಹಾಗೆ. ಇಲ್ಲಿ ಲೆಕ್ಕಕ್ಕೆ ಬರುವುದು ಹೋಲಿಕೆ ಅಲ್ಲ, ತಪ್ಪದೆ ನಡೆಯುವ ಬದಲಾವಣೆ. ಕನ್ನಡ ಓದುಗರಿಗೆ ಇದನ್ನು ಹೇಳಿಕೊಡುವುದು ಕಷ್ಟವೇ ಅಲ್ಲ. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪಗಲ್ ಹಗಲಾಯಿತು. ಇಷ್ಟು ಹೇಳಿ ಮುಂದೆ ಹೋಗಿ. (ಕನ್ನಡ ಈ ಕುಟುಂಬದ್ದಲ್ಲ ಅಂತ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ಪತ್ರಗಳು ನನಗೆ ಬರುತ್ತವೆ.)

ಇನ್ನು 'ಸಂಸ್ಕೃತದ ದನಿಗಳೇ ಮೂಲಭಾಷೆಯ ದನಿಗಳು' ಅನ್ನುವ ಮಾತು. 1870ರ ದಶಕದಲ್ಲೇ ಅದು ಬಿದ್ದುಹೋಯಿತು. ಗ್ರೀಕ್, ಲ್ಯಾಟಿನ್ ಉಳಿಸಿಕೊಂಡ ಎ, ಒ ಸ್ವರಗಳು ಹಳೆಯವು. ಸಂಸ್ಕೃತದಲ್ಲಿ ಅವು 'ಅ' ಜೊತೆ ಬೆರೆತುಹೋದವು. ಸಾಕ್ಷಿ ಸಂಸ್ಕೃತದೊಳಗೇ ಇದೆ. 'ಮತ್ತು' ಅನ್ನುವ ಅರ್ಥದ ಲ್ಯಾಟಿನ್ನಿನ 'ಕ್ವೆ'ಗೆ ಸರಿಯಾಗಿ ಇಲ್ಲಿರುವುದು 'ಚ'. ಮುಂದೆ 'ಎ' ಇದ್ದದ್ದರಿಂದಲೇ ಕಕಾರ ಚಕಾರವಾಯಿತು. ಆ 'ಎ' ಆಮೇಲೆ 'ಅ' ಆಯಿತು. ಈ ವಿಷಯದಲ್ಲಿ ನೀವು ಚಕಾರವನ್ನೇ ಎತ್ತಿಲ್ಲ.

ಈಗ ಆ ಎರಡು ಸಾಲಿಗೆ ಬರೋಣ: 'ಸೊಸ್ಯೂರ್ ಕೆಲವು ದನಿಗಳನ್ನು ಊಹಿಸಿದ್ದರು. ಅದು ನಿಜವಾಯಿತು.' ಅಷ್ಟೇನಾ? ಇಡೀ ಲೇಖನ ಇಲ್ಲಿಂದಲೇ ಶುರುವಾಗಬೇಕಿತ್ತು. 1878ರ ಕೊನೆ, ಜರ್ಮನಿಯ ಲೈಪ್‌ಜಿಗ್, ಭಾಷಾಶಾಸ್ತ್ರ ಓದುತ್ತಿದ್ದ ಸ್ವಿಟ್ಜರ್ಲೆಂಡಿನ 21 ವರ್ಷದ ಹುಡುಗ ಸೊಸ್ಯೂರ್. 'ಶ್ರೋತೃ–ಶ್ರುತ' ಜೋಡಿಯನ್ನು ನೋಡಿ. ಓ ಅಂದರೆ ಮೂಲದಲ್ಲಿ ಸ್ವರ ಮತ್ತು ಉ. ಸ್ವರ ಬಿದ್ದುಹೋದರೆ ಉ ಉಳಿಯುತ್ತದೆ. ಹಾಗಾದರೆ 'ಸ್ಥಾನ–ಸ್ಥಿತ'ದಲ್ಲಿ? ಆ ದೀರ್ಘ 'ಆ' ಕೂಡ ಸ್ವರ ಮತ್ತು ಇನ್ನೇನೋ ಒಂದು ಸೇರಿ ಆದದ್ದೇ ಇರಬೇಕು. ಸ್ವರ ಬಿದ್ದಾಗ ಅದರ ಗುರುತಾಗಿ 'ಇ' ಕಾಣುತ್ತದೆ. ಆ 'ಇನ್ನೇನೋ' ಆಗ ಗೊತ್ತಿದ್ದ ಯಾವ ಭಾಷೆಯಲ್ಲೂ ದನಿಯಾಗಿ ಉಳಿದಿರಲಿಲ್ಲ. ಬರೀ ಲೆಕ್ಕದಿಂದ ಆತ ಅದನ್ನು ಅಲ್ಲಿಟ್ಟ. ಹೆಚ್ಚಿನವರು ನಂಬಲಿಲ್ಲ.

ಸೊಸ್ಯೂರ್ 1913ರಲ್ಲಿ ತೀರಿಕೊಂಡರು. ಟರ್ಕಿಯ ಬೋಗಾಜ್‌ಕೊಯ್‌ಯಲ್ಲಿ ಸಿಕ್ಕ ಮಣ್ಣಿನ ಫಲಕಗಳಲ್ಲಿದ್ದ ಪ್ರಾಚೀನ ಹಿಟೈಟ್ ಭಾಷೆ ಇಂಡೋ-ಯುರೋಪಿಯನ್ ಅಂತ ಜೆಕ್ ವಿದ್ವಾಂಸ ಹ್ರೋಜ್ನಿ ತೋರಿಸಿದ್ದು 1915ರಲ್ಲಿ. 1927ರಲ್ಲಿ ಪೋಲೆಂಡಿನ ಭಾಷಾವಿಜ್ಞಾನಿ ಕುರಿಲೋವಿಚ್ ಗಮನಿಸಿದರು: ಹುಡುಗ ಇಟ್ಟ ದನಿ ಇರಬೇಕಾದ ಎಷ್ಟೋ ಕಡೆ ಹಿಟೈಟಿನಲ್ಲಿ ಒಂದು 'ಹ' ಇದೆ! ನಮ್ಮ 'ಅಸ್ಥಿ'ಗೆ ಅಲ್ಲಿ 'ಹಸ್ತಾಯ್'. ಬಿಳುಪು ಅನ್ನುವ ಅರ್ಥದ 'ಅರ್ಜುನ'ಕ್ಕೆ ಅಲ್ಲಿ 'ಹರ್ಕಿ'. ಪದಗಳನ್ನು ಕೊಡುವುದೇ ಆದರೆ ಇಂಥವು ಸಾಕು.

ಹೊಸದಾಗಿ ಬರೆಯುವಾಗ ಒಂದು ಎಚ್ಚರ. ಇಂಥ ದನಿಗಳು ಮೂರು ಇದ್ದವು ಅಂತ ಈಗ ಹೆಚ್ಚಿನವರು ಒಪ್ಪುತ್ತಾರೆ. ಬಾಯಲ್ಲಿ ಹೇಗೆ ಕೇಳಿಸುತ್ತಿದ್ದವು ಅನ್ನುವುದರಲ್ಲಿ ಮಾತ್ರ ಜಗಳ ಮುಗಿದಿಲ್ಲ. ಅದಕ್ಕೇ ಅವನ್ನು ಒಂದು, ಎರಡು, ಮೂರು ಅಂತ ಅಂಕಿ ಹಾಕಿ ಬರೆಯುತ್ತಾರೆ. 'ಅಂದಿನ ಜನ ಹೀಗೇ ಮಾತಾಡುತ್ತಿದ್ದರು' ಅನ್ನುವ ನಿಮ್ಮ ಸಾಲನ್ನು ತೆಗೆದುಬಿಡಿ. ಪದದ ಶುರುವಿನಲ್ಲಿ ಹಾಕುವ ನಕ್ಷತ್ರದ ಗುರುತಿಗೆ 'ಬರಹದಲ್ಲಿ ಸಿಕ್ಕಿಲ್ಲ, ಲೆಕ್ಕ ಹಾಕಿ ಕಟ್ಟಿದ್ದು' ಅನ್ನುವ ಅರ್ಥ ಅಂತ ಮೊದಲ ಸಲ ಬಂದಾಗಲೇ ತಿಳಿಸಿ.

ನಾಲ್ಕು ಪುಟದೊಳಗೆ ಬರೆದು ಕಳಿಸಿ, ಖಂಡಿತ ಓದುತ್ತೇನೆ.

— ಸಂಪಾದಕ